ಲೇಬಲಕ್ಕ ಒಂದು ದಿನ ಬಾಯಿ ಮುಚ್ಚಿಕೊಂಡದ್ದು

ಮೂಲೆಯ ಔಷಧದಂಗಡಿಯ ಹಿರಿಸೊಸೆಯನ್ನು ಆ ಬೀದಿಯವರೆಲ್ಲ ಲೇಬಲಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷ ಆ ಅಂಗಡಿಯಿಂದ ಹೊರಗೆ ಹೋದ ಒಂದೊಂದು ಸೀಸೆಯ ಮೇಲೂ, ಒಂದೊಂದು ಮಾತ್ರೆಯ ಡಬ್ಬಿಯ ಮೇಲೂ ಇದ್ದದ್ದು ಅವಳ ಕೈಬರಹ. ದುಂಡಗಿನ, ನಿಧಾನದ, ಒಂದಕ್ಕೊಂದು ತಾಗದ ಅಕ್ಷರ. ದೂರದ ಬಡಾವಣೆಯ ಮುದುಕರೂ ಎರಡು ಬಸ್ ಬದಲಿಸಿ ಅಲ್ಲಿಗೆ ಬರುತ್ತಿದ್ದರು. ಯಾಕೆಂದರೆ, "ಅಲ್ಲಿ ಕೊಟ್ಟದ್ದು ಓದೋಕೆ ಬರುತ್ತೆ."

ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತೆರಡು. ಓದು ಹೈಸ್ಕೂಲಿಗೇ ನಿಂತಿತ್ತು. ಗಂಡ ಬಸ್ ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ಸಂಜೆಗೆ. ಮನೆ ಅಂಗಡಿಯ ಮೇಲೇ. ಅತ್ತೆ ಮೊದಲೇ ತೀರಿಹೋಗಿದ್ದರು. ಕೆಳಗೆ ಮಾವ ಒಬ್ಬರೇ ಕೌಂಟರಿನಲ್ಲಿ ಏಗುವುದನ್ನು ನೋಡಲಾರದೆ ಒಂದು ಮಧ್ಯಾಹ್ನ ಇಳಿದು ಬಂದು ಕಪಾಟು ಒರೆಸಿದಳು. ಮರುದಿನ ಕಪಾಟಿನ ಪಟ್ಟಿಗಳಿಗೆ ಹೊಸ ಚೀಟಿ ಬರೆದು ಅಂಟಿಸಿದಳು. ಮಾವ ಕನ್ನಡಕ ಏರಿಸಿ ಆ ಚೀಟಿಗಳನ್ನು ಒಂದೊಂದಾಗಿ ನೋಡಿ, ತಮ್ಮ ಪೆನ್ನನ್ನೇ ಅವಳ ಕೈಗೆ ಕೊಟ್ಟರು.

"ಓದೋರು ಕನ್ನಡಕ ಮನೇಲಿ ಮರೆತು ಬಂದಿದ್ದಾರೆ ಅಂದ್ಕೊಂಡು ಬರಿ," ಅಂದರು. "'ಬೇಕಾದಾಗ ತಗೊಳ್ಳಿ' ಅಂತ ಮಾತ್ರ ಯಾವತ್ತೂ ಬರೀಬೇಡ. ಬೇಕಾದಾಗ ಅಂದ್ರೆ ಯಾವಾಗ, ದಿನಕ್ಕೆ ಎಷ್ಟು ಸಲ, ಅದನ್ನ ಬರಿ."

ಹಾಗೆ ಕಲಿತಳು. ಡಾಕ್ಟರ ಚೀಟಿಯನ್ನು ಮಾವ ಓದುವುದು, ಮಾತ್ರೆ ಎಣಿಸಿ ತಟ್ಟೆಗೆ ಹಾಕುವುದು, ಅವಳು ಲೇಬಲ್ ಬರೆಯುವುದು, ಮಾವ ಮತ್ತೊಮ್ಮೆ ನೋಡಿ ತಲೆಯಾಡಿಸುವುದು. ಓದು ಬಾರದವರಿಗೆ ಬೆಳಗಿನ ಮಾತ್ರೆಯ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ ಬರೆದು ಕೊಡುತ್ತಿದ್ದಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ಯಾವ ಮಾತ್ರೆಯ ಜೊತೆ ಯಾವುದು ಸೇರಬಾರದು, ಯಾವ ಸಿರಪ್ಪು ತೆರೆದ ಮೇಲೆ ಎಷ್ಟು ದಿನ ಇರುತ್ತದೆ ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಮಾವ ಬಂದವರೆದುರು, "ಇವಳು ನನ್ನ ಬಲಗೈ" ಅನ್ನುತ್ತಿದ್ದರು. ಬಲಗೈಗೇ ಒಂದು ದಿನ ಅಂಗಡಿ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆದರೂ ಲೇಬಲಕ್ಕ ಮನಸ್ಸಿನೊಳಗೇ ಆ ಮಂಡಿಗೆ ತಿಂದುಕೊಂಡಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾವನ ಕಣ್ಣಿಗೆ ಪೊರೆ ಬಂತು. ಎರಡು ಸಲ ಚೀಟಿಯಲ್ಲಿ ಐದನ್ನು ಐವತ್ತೆಂದು ಓದಿ, ಎರಡು ಸಲವೂ ಅವಳೇ ತಿದ್ದಿದ ಮೇಲೆ, ಮಾವ ತಮ್ಮ ನೋಂದಣಿಯನ್ನು ತಾವಾಗಿಯೇ ಹಿಂತಿರುಗಿಸಿಬಿಟ್ಟರು. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಔಷಧದಂಗಡಿ ತೆರೆಯುವಂತಿಲ್ಲ, ಕಾನೂನು. ಬಾಗಿಲು ಮುಚ್ಚುವುದೊಂದೇ ದಾರಿ ಅನ್ನುವಾಗ ಮೇಷ್ಟರ ಕೆಲಸದಲ್ಲಿದ್ದ ಮೈದುನ ಮದುವೆಯಾದ. ಹುಡುಗಿ ಫಾರ್ಮಸಿ ಓದಿದವಳು. ಹೊಸ ಸೊಸೆ ಮನೆಗೆ ಬಂದ ಹನ್ನೊಂದನೇ ದಿನ ಅಂಗಡಿಗೆ ಇಳಿದಳು.

ನೋಂದಣಿ ಪತ್ರವನ್ನು ಗಿರಾಕಿಗಳಿಗೆ ಕಾಣುವ ಜಾಗದಲ್ಲಿ ತೂಗುಹಾಕಬೇಕು, ಅದೂ ಕಾನೂನೇ. ಗಾಜಿನ ಚೌಕಟ್ಟು ಬಂತು. ಮೈದುನ ಸ್ಟೂಲು ಹತ್ತಿ ಮೊಳೆ ಹೊಡೆದ. ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡು ನಿಂತವಳು ಲೇಬಲಕ್ಕ. ಒಂದೊಂದು ಏಟೂ ಗೋಡೆಗೆ ಬಿತ್ತೋ ತನ್ನ ನೆತ್ತಿಗೆ ಬಿತ್ತೋ ಅವಳಿಗೆ ತಿಳಿಯಲಿಲ್ಲ.

"ಸೊಟ್ಟ ಆಯ್ತಾ ಅತ್ತಿಗೆ?" ಮೈದುನ ಮೇಲಿನಿಂದ ಕೇಳಿದ.

"ಇಲ್ಲ, ಸರಿಯಾಗೇ ಇದೆ," ಅಂದಳು. ಒಂದಿಷ್ಟು ಸೊಟ್ಟಗಿತ್ತು. ಇರಲಿ ಅಂದುಕೊಂಡಳು.

ಓರಗಿತ್ತಿ ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗಿತ್ತು. ಅವಳು ಜಂಭದವಳಲ್ಲ, ಜಗಳಗಂಟಿಯಲ್ಲ. ಮಾತಿಗೊಮ್ಮೆ "ಅಕ್ಕಾ" ಅನ್ನುತ್ತಾಳೆ. ತನ್ನ ಲೋಟ ತಾನೇ ತೊಳೆಯುತ್ತಾಳೆ. ಬೈಯಲು ಒಂದು ನೆಪ ಬೇಕಲ್ಲ, ಅದೂ ಸಿಗುವುದಿಲ್ಲ. ಲೇಬಲಕ್ಕನ ಹೊಟ್ಟೆಕಿಚ್ಚಿಗೆ ಮಾತಿನಲ್ಲಿ ಹೊರಗೆ ಬರಲು ದಾರಿಯಿಲ್ಲದೆ, ಅದು ಒಳಗೇ ಬೂದಿ ಮುಚ್ಚಿದ ಕೆಂಡದ ಹಾಗೆ ಕೂತಿತು. ಕಿರಿಯವಳ ಬಿಳಿ ಕೋಟಿನ ಇಸ್ತ್ರಿಯ ಗೆರೆ ಕಂಡರೆ ಉರಿ. ಫೋನಿನಲ್ಲಿ ಡಾಕ್ಟರ ಜೊತೆ, "ಇಲ್ಲ ಸರ್, ಆ ಡೋಸ್ ಹೆಚ್ಚಾಗುತ್ತೆ" ಎಂದು ಅವಳು ಹೇಳುವುದು ಕೇಳಿದರೆ ಉರಿ. ಆ ಡೋಸು ಹೆಚ್ಚೆಂದು ಲೇಬಲಕ್ಕನಿಗೂ ಗೊತ್ತಿತ್ತು. ಆದರೆ ಡಾಕ್ಟರು ಅವಳ ಮಾತಿಗೆ ಕಿವಿಗೊಡುವವರಲ್ಲ. ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಮಾವನ ಮಾತಿಗೆ. ಹಿಂದೆ ಯಾರೇನು ಕೇಳಿದರೂ, "ಅವಳನ್ನ ಕೇಳಿ" ಎಂದು ಇವಳ ಕಡೆ ಗಲ್ಲ ತಿರುಗಿಸುತ್ತಿದ್ದವರು, ಈಗಲೂ "ಅವಳನ್ನ ಕೇಳಿ" ಅನ್ನುತ್ತಿದ್ದರು. ಗಲ್ಲ ಮಾತ್ರ ಆ ಕಡೆಗೆ ತಿರುಗುತ್ತಿತ್ತು.

ಅದೇ ವರ್ಷ ಲೇಬಲಿನ ನಿಯಮವೂ ಬಿಗಿಯಾಯಿತು. ರೋಗಿಯ ಹೆಸರು, ಔಷಧದ ಹೆಸರು, ಅದರ ಪ್ರಮಾಣ, ಎಷ್ಟು ಹೊತ್ತಿಗೆ ಎಷ್ಟು, ಬರೆದ ಡಾಕ್ಟರು ಯಾರು, ಕೊಟ್ಟ ದಿನ, ಅವಧಿ ಮುಗಿಯುವ ದಿನ, ಅಂಗಡಿಯ ವಿಳಾಸ, ಇಷ್ಟೂ ಇರಬೇಕು. ಕೊನೆಯಲ್ಲಿ ಜವಾಬ್ದಾರಿ ಹೊತ್ತ ಫಾರ್ಮಸಿಸ್ಟಿನ ಹೆಸರೂ ನೋಂದಣಿ ಸಂಖ್ಯೆಯೂ ಇರಬೇಕು. ಇಷ್ಟನ್ನು ಕೈಯಲ್ಲಿ ಬರೆದರೆ ಒಂದು ಡಬ್ಬಿಗೆ ನಾಲ್ಕು ನಿಮಿಷ. ಕಿರಿಯವಳು ಪುಟ್ಟ ಪ್ರಿಂಟರ್ ತರಿಸಿದಳು. ಅದು ಚಿರ್ ಎಂದು ನಾಲಿಗೆ ಚಾಚಿದ ಹಾಗೆ ಲೇಬಲ್ ಹೊರಗೆ ಬಿಡುತ್ತಿತ್ತು. ಲೇಬಲಕ್ಕನಿಗೆ ಉಳಿದದ್ದು ಅದನ್ನು ಬಿಡಿಸಿ ಅಂಟಿಸುವ ಕೆಲಸ. ದಿನಕ್ಕೆ ಅರವತ್ತು ಎಪ್ಪತ್ತು ಸಲ ಓರಗಿತ್ತಿಯ ಹೆಸರನ್ನು ತನ್ನ ಹೆಬ್ಬೆರಳಿನಿಂದಲೇ ಒತ್ತಿ ಒತ್ತಿ ಕೂರಿಸುವುದು. ಮೊದಮೊದಲು ಪ್ರತಿಯೊಂದನ್ನೂ ಓದಿ ಅಂಟಿಸುತ್ತಿದ್ದಳು. ಆಮೇಲೆ ಬಿಟ್ಟಳು. ಹೆಸರು ಅವಳದು ತಾನೇ, ಅವಳೇ ಓದಿಕೊಳ್ಳಲಿ.

ಒಂದು ಮಧ್ಯಾಹ್ನ ಕಿರಿಯವಳು ಊಟಕ್ಕೆ ಮೇಲೆ ಹೋದಾಗ ಅಂಚೆ ಕಚೇರಿಯ ಹಿಂದಿನ ಮನೆಯ ಅಜ್ಜಿ ರಕ್ತದೊತ್ತಡದ ಮಾತ್ರೆಗೆ ಬಂದರು. ಕೌಂಟರಿನ ಮೇಲೆ ಹಲಗೆ ಇತ್ತು: ಫಾರ್ಮಸಿಸ್ಟ್ ಇಲ್ಲ, ಎರಡು ಗಂಟೆಗೆ ಬನ್ನಿ.

"ಇಲ್ಲ ಅಂದ್ರೆ? ನೀನಿದ್ದೀಯಲ್ಲ ಲೇಬಲಕ್ಕ!"

"ನಾನಿದ್ದೀನಿ ಅಜ್ಜಿ. ಕಾನೂನಿನ ಲೆಕ್ಕದಲ್ಲಿ ನಾನು ಇಲ್ಲ."

ಅಜ್ಜಿ ತಮಾಷೆಯೆಂದು ಬೊಚ್ಚುಬಾಯಿ ಬಿಟ್ಟು ನಕ್ಕರು. ನಗುತ್ತಲೇ ಬೆಂಚಿನ ಮೇಲೆ ಕೂತು ಮೂವತ್ತೈದು ನಿಮಿಷ ಕಾದರು. ಅವರು ಹದಿನೈದು ವರ್ಷದಿಂದ ನುಂಗುತ್ತಿದ್ದ ಮಾತ್ರೆ ಲೇಬಲಕ್ಕನ ಬೆನ್ನ ಹಿಂದೆ, ಕೈಗೆಟಕುವ ಕಪಾಟಿನಲ್ಲೇ ಇತ್ತು. ಆ ರಾತ್ರಿ ಅವಳು ಗಂಡನಿಗೆ, "ನಿಮ್ಮಪ್ಪ ನನ್ನನ್ನ ಹತ್ತೊಂಬತ್ತು ವರ್ಷ ಗೊಂಬೆ ಆಡಿಸಿದ ಹಾಗೆ ಆಡಿಸಿದ್ರು," ಎಂದು ಅತ್ತಳು. ಗಂಡ, "ಲೈಸೆನ್ಸ್ ಇಲ್ದೆ ನಾನು ಬಸ್ ಓಡಿಸೋಕಾಗುತ್ತಾ?" ಅಂದ. ಆಮೇಲೆ ಎರಡು ದಿನ ಅವಳು ಅವನ ಜೊತೆ ಮಾತಾಡಲಿಲ್ಲ.

ಹೀಗೇ ಎರಡು ವರ್ಷ ಸರಿಯಿತು.

ಆ ಸೋಮವಾರ ಅಂಗಡಿಯಲ್ಲಿ ಎಳ್ಳು ಬಿದ್ದರೂ ನೆಲಕ್ಕೆ ಇಳಿಯದಷ್ಟು ಜನ. ಭಾನುವಾರದ ರಜೆ, ಜೊತೆಗೆ ಎಲ್ಲೆಡೆ ಜ್ವರ. ಹನ್ನೆರಡರ ಹೊತ್ತಿಗೆ ದರ್ಜಿ ಬಂದರು. ನಾಲ್ಕು ಬೀದಿ ಆಚೆ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದ, ಅರವತ್ತು ದಾಟಿದ ಮನುಷ್ಯ. ಬೆರಳಿನ ಗೆಣ್ಣುಗಳೆಲ್ಲ ಊದಿ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದರು. ಹೊಸ ಡಾಕ್ಟರು ಹೊಸ ಮಾತ್ರೆ ಬರೆದಿದ್ದರು. ಕೀಲುವಾತಕ್ಕೆ ಕೊಡುವ ಹಳದಿ ಮಾತ್ರೆ. ವಾರದಲ್ಲಿ ಒಂದೇ ದಿನ, ಒಂದೇ ಮಾತ್ರೆ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತ ಕೆಟ್ಟು, ಜೀವಕ್ಕೇ ಕುತ್ತು. ಡಾಕ್ಟರು ಸ್ಪಷ್ಟವಾಗಿಯೇ ಬರೆದಿದ್ದರು. ಆದರೆ ಪ್ರಿಂಟರಿನ ಯಂತ್ರದಲ್ಲಿ ಯಾವ ಮಾತ್ರೆಯ ಹೆಸರು ಒತ್ತಿದರೂ ಮೊದಲು ಬರುವುದು "ದಿನಕ್ಕೆ ಒಂದು, ತಿಂಡಿಯ ನಂತರ" ಎಂಬ ಸಾಲು. ಅದನ್ನು ಬದಲಿಸಬೇಕು. ಒಂದು ಕೈಯಲ್ಲಿ ಫೋನು, ಎದುರಿಗೆ ಅಳುವ ಮಗು ಹೊತ್ತ ತಾಯಿ, ಕಿರಿಯವಳು ಬದಲಿಸಲಿಲ್ಲ. ಲೇಬಲ್ ಚಿರ್ ಎಂದು ಬಂತು. ಲೇಬಲಕ್ಕ ಓದದೆ ಅಂಟಿಸಿದಳು. ದರ್ಜಿ ಜೇಬಿಗೆ ಹಾಕಿಕೊಂಡು ಹೋದರು.

ಸಂಜೆ ಐದೂವರೆಗೆ ಅಂದಿನ ಲೇಬಲುಗಳ ಕಾಪಿಯನ್ನು ಡಾಕ್ಟರ ಚೀಟಿಗಳ ಜೊತೆ ಪಿನ್ನು ಹಾಕಿ ಜೋಡಿಸುವುದು ಅವಳ ಕೆಲಸ. ದರ್ಜಿಯ ಚೀಟಿ ಕೈಗೆ ಬಂತು. ಒಂದು ಕಾಗದದಲ್ಲಿ ವಾರಕ್ಕೊಮ್ಮೆ, ಇನ್ನೊಂದರಲ್ಲಿ ದಿನಕ್ಕೆ ಒಂದು. ಕೆಳಗೆ ಓರಗಿತ್ತಿಯ ಹೆಸರು, ಅವಳ ಸಂಖ್ಯೆ.

ಮೊದಲು ಅವಳಿಗೆ ದರ್ಜಿಯ ನೆನಪೇ ಬರಲಿಲ್ಲ. ಇದನ್ನು ಮುಂದೆ ಅವಳೇ ಒಪ್ಪಿಕೊಂಡಳು. ಮೊದಲು ಬಂದದ್ದು ಸಂತೋಷ. ಎರಡು ವರ್ಷದ ಉರಿಯ ಮೇಲೆ ಯಾರೋ ಒಂದು ಕೊಡ ತಣ್ಣೀರು ಸುರಿದ ಹಾಗಾಯಿತು. ಹತ್ತೊಂಬತ್ತು ವರ್ಷದಲ್ಲಿ ತನ್ನ ಕೈಯಿಂದ ಇಂಥದೊಂದು ಹೋಗಿತ್ತೇ? ಚೌಕಟ್ಟು ಹಾಕಿಸಿಕೊಂಡವಳ ಕೈಯಿಂದ ಹೋಯಿತು ನೋಡಿ! ಕಿರಿಯವಳು ಮೂರು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕಪಾಟು ಜೋಡಿಸುತ್ತಿದ್ದಳು. "ಏನಮ್ಮಾ, ಇಲ್ಲಿ ನೋಡು" ಅಂದಿದ್ದರೆ ಸಾಕಿತ್ತು. ಆದರೆ ಅಂದರೆ ಏನಾಗುತ್ತದೆ? ಅವಳು ಓಡಿಹೋಗಿ ಡಬ್ಬಿ ಬದಲಿಸುತ್ತಾಳೆ, "ಥ್ಯಾಂಕ್ಸ್ ಅಕ್ಕಾ" ಅನ್ನುತ್ತಾಳೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಬಾರದು. ಮಾವ ಇರಬೇಕು. ಮಾವನ ಎದುರಿಗೇ ಎರಡೂ ಕಾಗದ ಮೇಜಿನ ಮೇಲೆ ಇಡಬೇಕು.

ಮಾವ ಅಂದು ನೆಗಡಿಯೆಂದು ಬೇಗ ಮಲಗಿದ್ದರು. ದರ್ಜಿ ಇವತ್ತಿನ ಮಾತ್ರೆ ನುಂಗಿರುತ್ತಾರೆ, ಅದು ಹೇಗೂ ಸರಿಯೇ. ಮುಂದಿನದು ನಾಳೆ ತಿಂಡಿಯ ನಂತರ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೇಳಿದರಾಯಿತು ಎಂದು ಲೆಕ್ಕ ಹಾಕಿ, ಎರಡೂ ಕಾಗದಗಳನ್ನು ತಾನೂ ಹಾಕಿಕೊಳ್ಳುತ್ತಿದ್ದ ಅಂಗಡಿಯ ಕೋಟಿನ ಜೇಬಿಗೆ ಸೇರಿಸಿದಳು.

ಬೆಳಿಗ್ಗೆ ಎದ್ದಾಗ ಮಾವ ಮನೆಯಲ್ಲಿರಲಿಲ್ಲ. ಕಣ್ಣಿನ ಆಪರೇಷನ್ನಿನ ತಪಾಸಣೆಗೆ ಮೈದುನ ಕರೆದುಕೊಂಡು ಹೋಗಿದ್ದ. ಬರುವುದು ಮೂರು ಗಂಟೆಗೆ. ಲೇಬಲಕ್ಕ ಗಡಿಯಾರ ನೋಡಿದಳು. ಎಂಟೂವರೆ. ದರ್ಜಿಯ ತಿಂಡಿಯ ಹೊತ್ತು. ಈಗ ಹೇಳಿಬಿಡಲೇ? ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಬಂದ ಒಬ್ಬ ಗಿರಾಕಿ, "ಮೇಡಂ, ನೀವು ಹೇಳಿದ ಹಾಗೆ ಮಾಡಿದೆ, ಮಗು ರಾತ್ರಿ ನಿದ್ದೆ ಮಾಡ್ತು" ಎಂದು ಕಿರಿಯವಳಿಗೆ ಕೈ ಮುಗಿದ. ತೆರೆದ ಬಾಯಿ ಮುಚ್ಚಿಕೊಂಡಿತು. ಒಂದು ಮಾತ್ರೆ ಹೆಚ್ಚಾದರೆ ಯಾರೂ ಸಾಯುವುದಿಲ್ಲ, ಮೂರು ಗಂಟೆ ಏನು ಮಹಾ ದೂರ ಅಂದುಕೊಂಡಳು. ಆದರೆ ಅವಳ ಕೈ ಮಾತ್ರ ಗಳಿಗೆಗೊಮ್ಮೆ ಜೇಬಿಗೆ ಹೋಗುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಎರಡೂವರೆಗೆ ಕಿರಿಯವಳು ಒಳಗಿನ ಕೋಣೆಯಲ್ಲಿ ಹೊಸ ಸರಕು ಬಿಚ್ಚುತ್ತಿದ್ದಾಗ ದರ್ಜಿಯ ಹೆಂಡತಿ ಬಂದರು.

"ಲೇಬಲಕ್ಕ, ನಮ್ಮನೆಯವರಿಗೆ ಬೆಳಿಗ್ಗೆ ಮಾತ್ರೆ ನುಂಗಿದಾಗಿಂದ ವಾಂತಿ. ಬಾಯೆಲ್ಲ ಉರಿ ಅಂತಾರೆ. ನಾಳೇದು ನುಂಗಬೇಕಾ, ಬಿಡಬೇಕಾ? ಅವರು ಹೇಳ್ತಾರೆ, ಆ ಅಂಗಡಿ ಲೇಬಲ್ಲು ಸುಳ್ಳು ಹೇಳಲ್ಲ, ನುಂಗಲೇಬೇಕು ಅಂತ."

"ನುಂಗಬಾರದು" ಎಂದು ಲೇಬಲಕ್ಕ ಕೂಗಿದಳು. ಕೂಗಿ, ಚಪ್ಪಲಿಯನ್ನೂ ಮೆಟ್ಟದೆ, ಅವರಿಗಿಂತ ಮುಂದೆ ಬೀದಿಗಿಳಿದು ಓಡಿದಳು. ನಲವತ್ಮೂರರ ಹೆಂಗಸು ಬಿಳಿ ಕೋಟಿನಲ್ಲಿ ಬರಿಗಾಲಲ್ಲಿ ಓಡುವುದನ್ನು ನೋಡಿ ಬೇಕರಿಯವನು ಹೊರಗೆ ಬಂದು ನಿಂತ.

ದರ್ಜಿಯ ಮನೆಯೆಂದರೆ ಒಂದೇ ಕೋಣೆ. ಕಿಟಕಿಯ ಕೆಳಗೆ ಮೆಷಿನ್ನು, ಅರ್ಧ ಹೊಲಿದ ಪರದೆ, ನೆಲದ ತುಂಬ ಬಟ್ಟೆಯ ಚೂರು. ಮಂಚದ ಪಕ್ಕ ಬಕೆಟ್ಟು. ಅವರ ತುಟಿ ಒಣಗಿತ್ತು. ಡಬ್ಬಿ ತಲೆದಿಂಬಿನ ಹತ್ತಿರವೇ ಇತ್ತು; ತನ್ನ ಹೆಬ್ಬೆರಳಿನಿಂದ ಒತ್ತಿದ ಲೇಬಲ್ ಒಂದಿಷ್ಟೂ ಏಳದೆ ನೇರವಾಗಿ ಕೂತಿತ್ತು. ಹತ್ತು ಉಳಿದಿದ್ದವು. ಹೋದದ್ದು ಎರಡೇ.

"ಇದು ವಾರಕ್ಕೊಂದು," ಅಂದಳು. "ನಮ್ಮ ತಪ್ಪು. ವಾರಕ್ಕೊಂದು ಕಣ್ರೀ."

ಡಾಕ್ಟರಿಗೆ ಫೋನ್ ಹೋಯಿತು. ಎರಡೇ ಆದರೂ ದರ್ಜಿಯ ಮೂತ್ರಪಿಂಡ ಮೊದಲೇ ಸೊರಗಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ದಿನಾ ರಕ್ತ ನೋಡಿದರು. ಬಾಯಿ ಹುಣ್ಣಾಗಿ ಒಂದು ವಾರ ನೀರು ನುಂಗುವುದೂ ಕಷ್ಟವಾಯಿತು. ಜೀವಕ್ಕೇನೂ ಆಗಲಿಲ್ಲ. ಸ್ಟ್ರೆಚರಿನ ಮೇಲೆ ಹೋಗುವಾಗ ದರ್ಜಿ ಅವಳ ಕೈ ಹಿಡಿದು, "ನೀವು ಓಡಿ ಬಂದ್ರಲ್ಲ, ಅಷ್ಟು ಸಾಕು," ಅಂದರು. ಆ ಕೈಯನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಕಿರಿಯವಳ ಮುಖ ಸುಣ್ಣ ಬಳಿದ ಗೋಡೆಯ ಹಾಗಾಗಿತ್ತು. ಆದರೆ ಅಳಲಿಲ್ಲ, ತಪ್ಪನ್ನು ಪ್ರಿಂಟರಿನ ಮೇಲೆ ಹಾಕಲಿಲ್ಲ. ತಪ್ಪುಗಳ ದಾಖಲೆ ಪುಸ್ತಕವೆಂದು ಒಂದು ಇರಬೇಕು, ನಿಯಮ. ಎರಡು ವರ್ಷದಿಂದ ಖಾಲಿ ಇದ್ದ ಆ ಪುಸ್ತಕ ತೆಗೆದು ಮೊದಲ ಪುಟದಲ್ಲಿ ತನ್ನ ಹೆಸರು ಬರೆದಳು. ತಪ್ಪು ಮಾಡಿದವರು: ನಾನು. ಕಾರಣ: ಚೀಟಿಯ ಜೊತೆ ಲೇಬಲನ್ನು ಹೋಲಿಸಿ ನೋಡಲಿಲ್ಲ.

"ಅಕ್ಕಾ, ನೀವು ಯಾವಾಗ ನೋಡಿದ್ರಿ?"

ಜೇಬಿನಲ್ಲಿ ಎರಡು ಕಾಗದ ಸರಕ್ಕೆಂದವು. "ಈಗ... ಅವರ ಹೆಂಡತಿ ಬಂದಾಗಲೇ. ಅನುಮಾನ ಬಂದು ಕಾಪಿ ತೆಗೆದು ನೋಡಿದೆ," ಎಂದು ಎರಡನ್ನೂ ತೆಗೆದು ಅವಳ ಕೈಗೆ ಕೊಟ್ಟಳು.

ಕಿರಿಯವಳು ಬರೆದಳು: ಪತ್ತೆ ಹಚ್ಚಿದವರು, ಅಕ್ಕ. ಸಮಯ, ಮಂಗಳವಾರ ಮಧ್ಯಾಹ್ನ ಎರಡೂವರೆ. ಬರೆದು, ಯಾರೂ ಹೇಳುವ ಮುಂಚೆ ತಾನೇ ಔಷಧ ಇಲಾಖೆಯ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ತನ್ನ ತಪ್ಪನ್ನು ಒಪ್ಪಿಸಿದಳು. ಮಾವ ಬರುವಾಗ ನಾಲ್ಕಾಗಿತ್ತು. ಎರಡೂ ಕಾಗದ ಮೇಜಿನ ಮೇಲೇ ಇದ್ದವು. ಆದರೆ ಇಟ್ಟವಳು ಓರಗಿತ್ತಿ.

ವಾರದ ನಂತರ ಇನ್‌ಸ್ಪೆಕ್ಟರ್ ಬಂದರು. ತೆಳ್ಳಗಿನ, ಮಿತವಾಗಿ ಮಾತಾಡುವ ಹೆಂಗಸು. ಪುಸ್ತಕ ಓದಿ, ಕಿರಿಯವಳಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ವಾರದ ಮಾತ್ರೆಗಳನ್ನು ಇನ್ನು ಇಬ್ಬರು ನೋಡಿಯೇ ಕೊಡಬೇಕೆಂದರು. ಹೋಗುವ ಮುಂಚೆ, "ಇಷ್ಟು ನೇರವಾಗಿ ಒಪ್ಪಿಕೊಂಡು ಬರೆದದ್ದನ್ನ ನಾನು ಹೆಚ್ಚು ಕಂಡಿಲ್ಲ," ಅಂದರು. ನೋಡಿ ಹೇಗಿದೆ: ಎಡವಿದವಳಿಗೂ ಹೊಗಳಿಕೆ! ಲೇಬಲಕ್ಕನ ಎದೆಯಲ್ಲಿ ಹಳೆಯ ಕೆಂಡ ಮತ್ತೆ ಕಣ್ಣು ಬಿಟ್ಟಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿ, "ನಿಮ್ಮಂಥವರು ಯಾಕೆ ಫಾರ್ಮಸಿ ಸಹಾಯಕಿ ಪರೀಕ್ಷೆ ಬರೆದಿಲ್ಲ? ಐದು ವರ್ಷ ಅನುಭವ ಇದ್ರೆ ಸಾಕು. ಎರಡನೇ ಸಹಿ ನೀವೇ ಹಾಕಬಹುದು," ಅಂದರು.

ಮಾವನಾಗಲಿ ಗಂಡನಾಗಲಿ ಇಷ್ಟು ವರ್ಷ ಈ ವಿಷಯ ಎತ್ತಿರಲಿಲ್ಲ. ಅವಳಿಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಹೊಟ್ಟೆಕಿಚ್ಚು ಪಡುವುದರಲ್ಲೇ ಹೊತ್ತು ಹೋಗಿತ್ತು.

ಪರೀಕ್ಷೆಗೆ ಬೇಕಾದ ಪುಸ್ತಕಗಳು ಕಿರಿಯವಳ ಬಳಿ ಇದ್ದವು. ಕೇಳಲು ಬಾಯಿ ಬರಲಿಲ್ಲ. ಅವಳು ಕೆಳಗಿದ್ದಾಗ ಕೋಣೆಗೆ ಹೋಗಿ ತರುವುದು, ಅವಳು ಬರುವ ಮುಂಚೆ ಇಡುವುದು. ಮೂರನೆಯ ದಿನ ಪುಸ್ತಕಗಳೆಲ್ಲ ಲೇಬಲಕ್ಕನ ಮಂಚದ ಮೇಲೇ ಇದ್ದವು, ಜೊತೆಗೆ ಒಂದು ಪೆನ್ಸಿಲ್ಲು. ಯಾರೂ ಏನೂ ಅನ್ನಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಔಷಧಗಳ ಪಾಠ ಅವಳಿಗೆ ನೀರು ಕುಡಿದಷ್ಟು ಸುಲಭ. ತಡೆದದ್ದು ಕಾನೂನಿನ ಪಾಠ. ಮಾವನಿಗೆ ಒಂದು ಕಣ್ಣು ಸರಿಹೋಗಿತ್ತು. ಸಂಜೆ ಅಡುಗೆಮನೆಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದರು.

"ದಾಖಲೆಯಲ್ಲಿ ತಪ್ಪು ಬರೆದಿದ್ರೆ ಏನು ಮಾಡಬೇಕು?"

"ಅಳಿಸಬಾರದು. ಬಿಳಿ ಬಣ್ಣ ಬಳೀಬಾರದು. ಪುಟ ಹರೀಬಾರದು. ಹಳೇದು ಓದೋಕೆ ಬರೋ ಹಾಗೆ ಒಂದೇ ಗೆರೆ ಹೊಡೆದು, ಮೇಲೆ ಸರಿಯಾದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು."

"ಸರಿ." ಮಾವ ಪುಟ ತಿರುಗಿಸಲಿಲ್ಲ. "ಸಂಜೆ ಕಾಪಿ ಜೋಡಿಸದೆ ನೀನು ಮೇಲೆ ಬಂದದ್ದನ್ನ ಈ ಇಪ್ಪತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಕಾಣೆ ಕಣಮ್ಮಾ," ಅಂದರು. ಅಷ್ಟೇ. ಎದ್ದು ಕೈ ತೊಳೆಯಲು ಹೋದರು.

ಮರುದಿನ ಅಂಗಡಿ ತೆರೆಯುವ ಮುಂಚೆ ಅವಳು ದಾಖಲೆ ಪುಸ್ತಕ ತೆಗೆದಳು. ಸಮಯದ ಸಾಲಿನ ಮೇಲೆ ಗೆರೆ ಎಳೆದಳು. ಮೇಲೆ ತನ್ನ ದುಂಡಗಿನ ಅಕ್ಷರದಲ್ಲಿ ಬರೆದಳು: ಸೋಮವಾರ ಸಂಜೆ ಐದೂವರೆ. ನೋಡಿಯೂ ಹೇಳಲಿಲ್ಲ. ಕೆಳಗೆ ತನ್ನ ಸಹಿ, ತಾರೀಖು. ಕಿರಿಯವಳು ಕೋಟು ಹಾಕಿಕೊಳ್ಳುತ್ತಾ ಬಂದಾಗ ಪುಸ್ತಕವನ್ನು ಅವಳ ಕಡೆ ತಿರುಗಿಸಿದಳು.

ಕಿರಿಯವಳು ಎರಡು ಸಲ ಓದಿದಳು. "ಇಪ್ಪತ್ತೊಂದು ಗಂಟೆ," ಅಂದಳು.

"ಹೌದು."

"ಯಾಕೆ?"

"ನಿನ್ನ ಹೆಸರಿತ್ತು ಅದರ ಮೇಲೆ. ನಿನ್ನ ಮಾನ ಹೋಗಲಿ ಅಂತ."

"ನನ್ನ ಮಾನ ತೆಗೆಯೋಕೆ ಅವರ ಬಾಯಿ ಹುಣ್ಣಾಗಬೇಕಿತ್ತಾ?" ಕಿರಿಯವಳ ದನಿ ಮೊದಲ ಸಲ ಏರಿತು. "ನನ್ನ ಮುಖದ ಮೇಲೆ ಉಗಿದಿದ್ರೂ ಆಗ್ತಿತ್ತಲ್ಲ. ನಾನು ಮಾಡಿದ್ದು ತಪ್ಪು. ನೀವು ಮಾಡಿದ್ದಕ್ಕೆ ಏನಂತ ಹೆಸರಿಡಲಿ?"

ಲೇಬಲಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ಇದನ್ನ ಇನ್‌ಸ್ಪೆಕ್ಟರಿಗೆ ಹೇಳಲೇಬೇಕು. ಮುಚ್ಚಿದ್ರೆ ನಾನೂ ಪಾಲುದಾರಳಾಗ್ತೀನಿ."

"ಹೇಳು," ಅಂದಳು ಲೇಬಲಕ್ಕ. "ನಾನು ದರ್ಜಿಯವರ ಮನೆಗೆ ಹೋಗಿ ಬರ್ತೀನಿ."

ದರ್ಜಿ ಕೇಳಿಸಿಕೊಂಡರು. ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅವರ ಹೆಂಡತಿ ಎದ್ದು ಬಾಗಿಲು ತೆರೆದು ಹಿಡಿದುಕೊಂಡರು. ಹೊರಡು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಮಾತೂ ಬೇಕಿರಲಿಲ್ಲ. ಅಂದಿನಿಂದ ಅವರ ಔಷಧ ಮಾರುಕಟ್ಟೆಯ ಹತ್ತಿರದ ಬೇರೆ ಅಂಗಡಿಯಿಂದ ಬರತೊಡಗಿತು. ಬೀದಿಯಲ್ಲಿ ಎದುರಾದರೆ ದರ್ಜಿ ತಲೆಯಾಡಿಸುತ್ತಿದ್ದರು, ಅವರ ಹೆಂಡತಿ ಇಲ್ಲ.

ಇನ್‌ಸ್ಪೆಕ್ಟರ ಪತ್ರ ಹದಿನೈದು ದಿನಕ್ಕೆ ಬಂತು. ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಮುಂದಿನ ವರ್ಷ ಜವಾಬ್ದಾರಿಯುತ ಫಾರ್ಮಸಿಸ್ಟ್ ನಡತೆಯ ಬಗ್ಗೆ ಬರೆದುಕೊಟ್ಟರೆ ನೋಡೋಣ. ಅಂದರೆ ಓರಗಿತ್ತಿಯ ಸಹಿ ಬೇಕು.

ಆ ವರ್ಷ ಅಂಗಡಿಯಲ್ಲಿ ಮಾತು ಅಳತೆಯಷ್ಟೇ. "ಆ ಡಬ್ಬಿ ಕೊಡಿ", "ಇದನ್ನ ನೋಡಿ". ಮಾತಿನ ಕೊನೆಗೆ ಬರುತ್ತಿದ್ದ "ಅಕ್ಕಾ" ಉದುರಿಹೋಗಿತ್ತು. ಎರಡು ವರ್ಷ ಆ ಪದ ಕೇಳಿದಾಗೆಲ್ಲ ಹಲ್ಲು ಕಡಿದವಳಿಗೆ ಈಗ ಅದಿಲ್ಲದೆ ಅಂಗಡಿ ಬಣಗುಟ್ಟುತ್ತಿತ್ತು. ಅವಳು ಮತ್ತೆ ಪ್ರತಿ ಲೇಬಲನ್ನೂ ಓದಿ ಅಂಟಿಸತೊಡಗಿದಳು, ಚೀಟಿ ಪಕ್ಕದಲ್ಲಿಟ್ಟುಕೊಂಡು, ತುಟಿಯಾಡಿಸುತ್ತಾ. ಆ ವರ್ಷ ನಾಲ್ಕು ತಪ್ಪು ಹಿಡಿದಳು. ಹಿಡಿದ ಗಳಿಗೆಯಲ್ಲೇ, ಗಿರಾಕಿ ಬೆಂಚಿನಿಂದ ಏಳುವ ಮುಂಚೆಯೇ, "ಇಲ್ಲಿ ನೋಡು" ಎಂದು ಮುಂದಿಟ್ಟಳು. ಹೊಟ್ಟೆಕಿಚ್ಚು ಹೋಗಿತ್ತು ಅಂದರೆ ಸುಳ್ಳು. ಒಂದು ಸಲ ಕಿರಿಯವಳನ್ನು ಔಷಧಾಲಯಗಳ ಸಭೆಯಲ್ಲಿ ಮಾತಾಡಲು ಕರೆದಾಗ ಲೇಬಲಕ್ಕ ರಾತ್ರಿಯೆಲ್ಲ ಮಗ್ಗಲು ಬದಲಿಸಿದಳು. ಬೆಳಿಗ್ಗೆ ಎದ್ದು ಅವಳ ಕೋಟಿಗೆ ತಾನೇ ಇಸ್ತ್ರಿ ಹಾಕಿದಳು, ಮುಖ ಗಂಟು ಹಾಕಿಕೊಂಡೇ.

ಮರುವರ್ಷ ಅರ್ಜಿ ಬಂದಾಗ ಅದನ್ನು ಕೌಂಟರಿನ ಮೇಲಿಟ್ಟು ದೂರ ನಿಂತಳು. ಕಿರಿಯವಳು ನಾಲ್ಕೂ ಪುಟ ಮೊದಲಿನಿಂದ ಓದಿದಳು. ಲೇಬಲಕ್ಕನಿಗೆ ಆ ಹತ್ತು ನಿಮಿಷ ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ.

"ಇಷ್ಟೊಂದು ಓದಬೇಕಾ?"

"ಸಹಿ ಹಾಕೋ ಮುಂಚೆ ಓದಬೇಕಲ್ಲ," ಅಂದಳು ಕಿರಿಯವಳು. ಸಹಿ ಹಾಕಿದಳು. ನಡತೆಯ ಜಾಗದಲ್ಲಿ ಬರೆದದ್ದು ಒಂದೇ ಸಾಲು: ಈಗ ಪ್ರತಿ ಲೇಬಲನ್ನೂ ಓದುತ್ತಾರೆ.

ಪರೀಕ್ಷೆಯ ಒಂದೊಂದು ಪೇಪರೂ ಮೂರು ಗಂಟೆಯದು. ಸುತ್ತಲೂ ಅವಳ ಅರ್ಧ ವಯಸ್ಸಿನವರು. ಕೈ ಬೆವರಿ ಪೆನ್ನು ಜಾರಿತು; ಆದರೂ ಅಕ್ಷರ ಕೆಡಲಿಲ್ಲ. ಎರಡು ತಿಂಗಳಿಗೆ ಫಲಿತಾಂಶ ಬಂತು. ಅಂಚೆಯವನು ಲಕೋಟೆ ಕೊಟ್ಟಾಗ ಬಿಚ್ಚಲು ಕೈ ಬಾರದೆ ಕಿರಿಯವಳ ಕಡೆ ಚಾಚಿದಳು. ಕಿರಿಯವಳು ಕತ್ತರಿಯಿಂದ ಅಂಚು ಕತ್ತರಿಸಿ, ಓದಿ, ಕಾಗದವನ್ನು ಅವಳ ಕಣ್ಣಿನ ಮುಂದೆ ಹಿಡಿದಳು. ಪಾಸು. ಕಾನೂನಿನ ಪೇಪರಿನಲ್ಲಿ ನೂರಕ್ಕೆ ಎಪ್ಪತ್ತೊಂದು.

ಒಳಗಿನಿಂದ ಮಾವ ಏನಾಯಿತೆಂದು ಕೂಗಿ ಕೇಳುತ್ತಿದ್ದರು. ಲೇಬಲಕ್ಕ ಕಣ್ಣು ಒರೆಸಿಕೊಂಡಳು, ಕಾಗದ ಮಡಿಚಿದಳು. ಕೇಳಬಾರದೆಂದು ಗೊತ್ತಿತ್ತು. ಕೇಳಿಯೇಬಿಟ್ಟಳು.

"ಕಾನೂನಿನ ಪೇಪರಲ್ಲಿ ನೀನೆಷ್ಟು ತಗೊಂಡಿದ್ದೆ?"

ಕಿರಿಯವಳು ಒಂದು ಕ್ಷಣ ಅವಳನ್ನು ದಿಟ್ಟಿಸಿದಳು. ಆಮೇಲೆ ತಡೆಯಲಾರದೆ, ಒಂದೂವರೆ ವರ್ಷದಲ್ಲಿ ಮೊದಲ ಸಲ, ಬಾಯಿ ತುಂಬ ನಕ್ಕಳು.

"ಎಂಬತ್ತೆಂಟು, ಅಕ್ಕಾ."

ಹದಿನೇಳು ಹೆಚ್ಚು. ಲೇಬಲಕ್ಕನ ಎದೆಯ ಹಳೆಯ ಕೆಂಡ ಚುರುಕ್ಕೆಂದಿತು. "ನಿನ್ನ ಕಾಲದಲ್ಲಿ ಪ್ರಶ್ನೆ ಸುಲಭ ಇದ್ದಿರಬೇಕು," ಎಂದು ಗೊಣಗಿ, ಮಾವನಿಗೆ ಹೇಳಲು ಒಳಗೆ ಹೋದಳು.